ಜುಟ್ಟಿನ ಹದ್ದು ಹಿಮಾಲಯದ್ದೋ, ಕೊಡಗಿನದೋ?

ಮಡಿಕೇರಿ ಹತ್ತಿರದ ತೋಟದಿಂದ ಪತ್ರ ಬರೆದ ಓದುಗರಿಗೆ ನಮಸ್ಕಾರ. ತೋಟದ ಮರದಲ್ಲಿ ಉದ್ದ ಜುಟ್ಟಿನ ದೊಡ್ಡ ಹದ್ದನ್ನು ಕಂಡಿದ್ದೀರಿ. ಎದೆಯ ತುಂಬ ಕಡು ಕಂದು ಗೀರುಗಳಿದ್ದವು ಎಂದಿದ್ದೀರಿ. ನಿಮ್ಮ ಹಳೆಯ ಪುಸ್ತಕದ ಪ್ರಕಾರ ಮೌಂಟನ್ ಹಾಕ್ ಈಗಲ್ ಹಿಮಾಲಯದ ಹಕ್ಕಿ. ಹಾಗಾದರೆ ಕೊಡಗಿಗೆ ಬಂದದ್ದು ಹೇಗೆ ಅಂತ ನಿಮ್ಮ ಪ್ರಶ್ನೆ.

ನಮ್ಮ ಘಟ್ಟದಲ್ಲಿರುವುದು ಆ ಹಕ್ಕಿಯ ದಕ್ಷಿಣದ ನೆಂಟ, ಲೆಗ್ಸ್ ಹಾಕ್ ಈಗಲ್. ಬ್ರಿಟಿಷ್ ಸೇನೆಯ ವಿಲಿಯಂ ವಿನ್ಸೆಂಟ್ ಲೆಗ್ 1878ರಲ್ಲಿ ಶ್ರೀಲಂಕಾದ ಹಕ್ಕಿಯನ್ನು ನೋಡಿ ಇದನ್ನು ವರ್ಣಿಸಿದರು. ಆಮೇಲೆ ಬಹಳ ಕಾಲ ಇದನ್ನು ಹಿಮಾಲಯದ ಹಕ್ಕಿಯ ಉಪಜಾತಿ ಎಂದೇ ಎಣಿಸಿದ್ದರು. 2008ರಲ್ಲಿ ಸಂಶೋಧಕರು ಮೈಬಣ್ಣ, ಅಳತೆ, ಕೂಗು ಎಲ್ಲ ಹೋಲಿಸಿ ಬೇರೆಯೇ ಜಾತಿ ಅಂದರು. ಹಿಮಾಲಯದ್ದು ಪೂರ್ವಕ್ಕೆ ಜಪಾನಿನವರೆಗೂ ಹಬ್ಬಿದೆ. ನಮ್ಮದು ಪಶ್ಚಿಮ ಘಟ್ಟ ಮತ್ತು ಶ್ರೀಲಂಕಾದಲ್ಲಿ ಮಾತ್ರ. ಹಿಮಾಲಯಕ್ಕೂ ನಮ್ಮ ಘಟ್ಟಕ್ಕೂ ನಡುವೆ ಇರುವುದು ಒಣ ಬಯಲು. ಮಳೆಕಾಡಿನ ಹಕ್ಕಿಗೆ ಅಲ್ಲಿ ಬದುಕಿಲ್ಲ.

ನಕ್ಷೆಯಲ್ಲಿ ಘಟ್ಟದ ಉದ್ದಕ್ಕೂ ಬಣ್ಣ ಬಳಿದಿರುತ್ತಾರಲ್ಲ, ಅದನ್ನು ಪೂರ್ತಿ ನಂಬಬೇಡಿ. ಈ ಹಕ್ಕಿಗೆ ಬೇಕಾದದ್ದು ಬೆಟ್ಟದ ಇಳಿಜಾರಿನ ನಿತ್ಯಹರಿದ್ವರ್ಣ ಕಾಡು, ಅದರಲ್ಲಿ ಗೂಡು ಕಟ್ಟಲು ಹಳೆಯ ಎತ್ತರದ ಮರ. ಅಂಥ ಕಾಡು ಈಗ ಒಂದೇ ಪಟ್ಟಿಯಾಗಿ ಉಳಿದಿಲ್ಲ. ನಡುನಡುವೆ ಚಹಾ, ಕಾಫಿ, ಅಣೆಕಟ್ಟು, ರಸ್ತೆ. ಹಾಗಾಗಿ ಅದರ ನೆಲೆ ಅಂದರೆ ಚೂರುಚೂರು ಕಾಡುಗಳ ಲೆಕ್ಕ, ಅಷ್ಟೆ. ಇಂಥ ಹದ್ದುಗಳು ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಮೊಟ್ಟೆ ಇಡುತ್ತವೆ. ಗೂಡಿನ ಮರ ಒಂದು ಉರುಳಿದರೂ ನಷ್ಟ ದೊಡ್ಡದು. ನಿಮ್ಮ ತೋಟದ ಹಳೆಯ ಕಾಡುಮರಗಳನ್ನು ತೆಗೆದು ಸಿಲ್ವರ್ ಓಕ್ ಹಾಕಬೇಡಿ ಅಂತ ನಾನು ಕೇಳಿಕೊಳ್ಳುವುದು ಇದಕ್ಕೇ.

ಈಗ ನೀವು ಕಂಡ ಹಕ್ಕಿ. ಎದೆಯ ಗೀರು ಅಷ್ಟು ಸ್ಪಷ್ಟವಾಗಿದ್ದರೆ ಅದು ಲೆಗ್ಸ್ ಹದ್ದಲ್ಲ, ಚೇಂಜಬಲ್ ಹಾಕ್ ಈಗಲ್ ಎಂಬ ಇನ್ನೊಂದು ಜಾತಿಯ ಹದ್ದು ಇರಬೇಕು. ನಮ್ಮ ಭಾಗದಲ್ಲಿ ಅದಕ್ಕೂ ಉದ್ದ ಜುಟ್ಟಿದೆ. ನಾಗರಹೊಳೆ, ಬಂಡೀಪುರದಂಥ ಕಾಡುಗಳಲ್ಲಿ ಜಾಸ್ತಿ ಕಾಣುವುದು ಅದೇ. ಬೆಳೆದ ಲೆಗ್ಸ್ ಹದ್ದಿನ ಎದೆಯಲ್ಲಿ ಅಂಥ ಗೀರಿಲ್ಲ. ಹೊಟ್ಟೆಯಲ್ಲಿ ಅಡ್ಡಪಟ್ಟೆಗಳಿರುತ್ತವೆ. ಜುಟ್ಟು ನೋಡಿ ತೀರ್ಮಾನಿಸಿದರೆ ಎಂಥವರೂ ಎಡವುತ್ತಾರೆ. ಮರಿಹಕ್ಕಿಗಳಂತೂ ಎರಡೂ ಬಿಳಿಚಾಗಿದ್ದು, ಇನ್ನೂ ಕಷ್ಟ.

ಬಿಸಿಲೇರುವ ಹೊತ್ತಿಗೆ ಕಾಡಿನಂಚಿನ ಬೆಟ್ಟದ ಮೇಲೆ ಸುತ್ತುವ ಹದ್ದು ಕಂಡರೆ ಎದೆ, ಹೊಟ್ಟೆ, ರೆಕ್ಕೆಯ ಅಡಿಭಾಗ ಕಾಣುವಂತೆ ಫೋಟೊ ತೆಗೆದು ಕಳಿಸಿ. ಸುತ್ತಲಿನ ಕಾಡು ಎಂಥದ್ದು ಅಂತಲೂ ಬರೆಯಿರಿ. ಗೂಡು ಸಿಕ್ಕಿದರೆ ಮಾತ್ರ ಜಾಗದ ಹೆಸರು ಎಲ್ಲೂ ಹಾಕಬೇಡಿ, ನಮ್ಮ ಪತ್ರಿಕೆಯಲ್ಲೂ ಅದನ್ನು ಅಚ್ಚು ಮಾಡುವುದಿಲ್ಲ.

— ಸಂಪಾದಕ