ಡ್ರಾಯಿಂಗ್ ಮೇಲೆ ಹಾಕುವ ಗುರುತಿನಲ್ಲಿ ‘ಯಾಕೆ’ ಕೂಡ ಇರಲಿ

ನೀವು ಕೇಳಿದ್ದು ಇಷ್ಟು: ಡಿಸೈನ್ ಆಫೀಸ್ ಬೆಂಗಳೂರಿನಲ್ಲಿ, ಫಿಕ್ಸ್ಚರ್ (ಮಶೀನ್ ಮೇಲೆ ಕೆಲಸದ ಭಾಗವನ್ನು ಅಲ್ಲಾಡದಂತೆ ಹಿಡಿಯುವ ಸಾಧನ) ಮಾಡುವ ಟೂಲ್‌ರೂಮ್ ತುಮಕೂರಿನ ವಸಂತನರಸಾಪುರದಲ್ಲಿ. ಡ್ರಾಯಿಂಗ್ ಮೇಲೆ ಗುರುತು ಹಾಕಿ, ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಕಳಿಸುತ್ತೀರಿ. ಆದರೂ ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ತಲುಪುತ್ತಿಲ್ಲ. ಇದಕ್ಕೆ ದುಬಾರಿ ಸಾಫ್ಟ್‌ವೇರ್ ಬೇಕಾ? ಟೂಲ್‌ರೂಮಿನವರು ಕನ್ನಡದಲ್ಲೇ ಬರೆದರೆ ಆಗುತ್ತಾ?

ನಾನೂ ತುಮಕೂರಿನವನೇ. ಅಂತರಸನಹಳ್ಳಿ ಕಡೆಯ ಒಂದು ಟೂಲ್‌ರೂಮಿನಲ್ಲಿ ಡ್ರಾಯಿಂಗ್ ಚೆಕ್ ಮಾಡುವುದು ನನ್ನ ಕೆಲಸ. ಡಿಸೈನರ್ ಕಳಿಸಿದ್ದು ಮಶೀನ್‌ಗೆ ಹೋಗುವ ಮುಂಚೆ ನನ್ನ ಮೇಜಿಗೆ ಬರುತ್ತದೆ, ಮಶೀನ್ ಕಡೆಯ ಪ್ರಶ್ನೆಗಳು ನನ್ನ ಕೈ ದಾಟಿಯೇ ಡಿಸೈನರ್‌ಗೆ ಹೋಗುತ್ತವೆ. ಹಾಗಾಗಿ ಎರಡೂ ಕಡೆಯ ಗುರುತುಗಳನ್ನು ದಿನಾ ನೋಡುತ್ತೇನೆ. ಸಾಫ್ಟ್‌ವೇರ್ ವಿಷಯ ಆಮೇಲೆ. ಮೊದಲು ಗುರುತಿನ ಜೊತೆ ಕಾರಣ ಬರೆಯುವ ರೂಢಿ ಮಾಡಿಸಿ. ‘ಇದನ್ನು ಬದಲಿಸಿ’ ಅಂತ ಎಲ್ಲರೂ ಬರೆಯುತ್ತಾರೆ. ಯಾಕೆ ಬದಲಿಸಬೇಕು ಅಂತ ಬರೆಯುವವರು ತೀರಾ ಕಡಿಮೆ.

ಒಂದು ಉದಾಹರಣೆ ಬಿಡಿಸಿ ಹೇಳುತ್ತೇನೆ. ಒಂದು ಮಿಲ್ಲಿಂಗ್ ಫಿಕ್ಸ್ಚರ್. ಅದರ ಬೇಸ್ ಪ್ಲೇಟಿನಲ್ಲಿ ಚೌಕದ ಪಾಕೆಟ್ (ಕೊರೆದ ಗುಳಿ), ಆಳ 40 ಮಿ.ಮೀ. ಒಳಮೂಲೆಗೆ ಡಿಸೈನರ್ ರೇಡಿಯಸ್ 3 ಕೊಟ್ಟಿದ್ದಾರೆ, ಅಂದರೆ ಮೂಲೆ 3 ಮಿ.ಮೀ. ತ್ರಿಜ್ಯದ ದುಂಡಾಗಿರಬೇಕು. ಅದು ಬರಬೇಕಾದರೆ 6 ಮಿ.ಮೀ. ವ್ಯಾಸದ ಎಂಡ್ ಮಿಲ್ (ತಿರುಗುತ್ತಾ ಲೋಹ ಕೊರೆಯುವ ಕಟರ್) ಹಾಕಬೇಕು, ಇಲ್ಲವೇ ಅದಕ್ಕಿಂತ ಸಣ್ಣದು. ಅಷ್ಟು ತೆಳ್ಳಗಿನ ಕಟರ್ 40 ಮಿ.ಮೀ. ಆಳಕ್ಕೆ ಇಳಿದರೆ ಬಾಗುತ್ತದೆ. ಗೋಡೆ ನೇರವಾಗಿ ಬರುವುದಿಲ್ಲ, ಕೆಳಗೆ ಹೋದ ಹಾಗೆ ಓರೆಯಾಗುತ್ತದೆ. ಮೂಲೆಯಲ್ಲಿ ಕಟರ್ ಅದುರಿ ಗೆರೆ ಬೀಳುತ್ತದೆ. ಕೆಲವೊಮ್ಮೆ ಮುರಿದೇ ಹೋಗುತ್ತದೆ. ಮಶೀನ್ ಮುಂದೆ ನಿಂತವರಿಗೆ ಡ್ರಾಯಿಂಗ್ ನೋಡಿದ ತಕ್ಷಣ ಇದು ಗೊತ್ತಾಗುತ್ತದೆ.

ಈಗ ಆಪರೇಟರ್ ಆ ಮೂಲೆಗೆ ಕೆಂಪು ಸುತ್ತು ಹಾಕಿ ‘ರೇಡಿಯಸ್ 6 ಮಾಡಿ’ ಅಂತಷ್ಟೇ ಬರೆದು ಕಳಿಸಿದರು ಅಂದುಕೊಳ್ಳಿ. ಡಿಸೈನರ್‌ಗೆ ಉಳಿಯುವುದು ಎರಡೇ ಉತ್ತರ. ‘ಸರಿ’ ಅನ್ನಬೇಕು, ಇಲ್ಲವೇ ‘ಆಗಲ್ಲ, ಡ್ರಾಯಿಂಗ್ ಪ್ರಕಾರ ಮಾಡಿ’ ಅನ್ನಬೇಕು. ಸರಿ ಅಂದರೆ ಅಸೆಂಬ್ಲಿಯಲ್ಲಿ ತೊಂದರೆ. ಆ ಪಾಕೆಟ್‌ನಲ್ಲಿ ಕೂರುವ ಬ್ಲಾಕಿನ ಮೂಲೆಗೆ 3 ಮಿ.ಮೀ. ಚಾಂಫರ್ (ಓರೆಯಾಗಿ ಕತ್ತರಿಸಿದ ಅಂಚು) ಮಾತ್ರ ಇದೆ, ರೇಡಿಯಸ್ 6ಕ್ಕೆ ಅದು ತಾಗುತ್ತದೆ. ಆಗಲ್ಲ ಅಂದರೆ ಟೂಲ್‌ರೂಮಿನಲ್ಲಿ ಕಟರ್ ಮುರಿಯುತ್ತದೆ.

ಅದೇ ಜಾಗಕ್ಕೆ ಹೀಗೆ ಬರೆದರೆ ನೋಡಿ: ‘ಇಲ್ಲಿ ಆಳ 40, ರೇಡಿಯಸ್ 3. 6ರ ಕಟರ್ ಇಷ್ಟು ಆಳಕ್ಕೆ ಬಾಗುತ್ತೆ, ಗೋಡೆ ಓರೆ ಬರುತ್ತೆ. 10ರ ಕಟರ್ ಹೋಗೋ ಹಾಗೆ ಮಾಡಬಹುದಾ? ಇಲ್ಲಿ ಏನು ಕೂರುತ್ತೆ?’ ಇದಕ್ಕೆ ಡಿಸೈನರ್ ಕೊಡುವ ಉತ್ತರವೇ ಬೇರೆ. ‘ರೇಡಿಯಸ್ ಜಾಸ್ತಿ ಮಾಡಿದರೆ ಬ್ಲಾಕಿನ ಮೂಲೆ ತಾಗುತ್ತೆ. ಆದರೆ ಗೋಡೆ ಹಿಂದೆ 25 ಮಿ.ಮೀ. ಮೆಟೀರಿಯಲ್ ಇದೆ. ಮೂಲೆಯಲ್ಲಿ 12ರ ಡ್ರಿಲ್ ಹೊಡೆದು ರಿಲೀಫ್ ಕೊಡಿ, ಆಮೇಲೆ 10ರ ಕಟರ್ ಓಡಿಸಿ.’ 10ರ ಕಟರ್ ಮೂಲೆಯಲ್ಲಿ ಬಿಡುವ ರೇಡಿಯಸ್ 5. ಮೂಲೆಯ ಮೇಲೇ ಸೆಂಟರ್ ಇಟ್ಟು ಹೊಡೆದ 12ರ ತೂತು ಅದನ್ನು ಪೂರ್ತಿ ನುಂಗಿಬಿಡುತ್ತದೆ. ಬ್ಲಾಕ್ ಕೂರುತ್ತದೆ, ಗೋಡೆಯೂ ನೇರ ಬರುತ್ತದೆ. ಈ ದಾರಿ ಇಬ್ಬರಲ್ಲಿ ಯಾರ ತಲೆಯಲ್ಲೂ ಮೊದಲೇ ಇರಲಿಲ್ಲ. ಕಟರ್ ಬಾಗುವುದು ಒಬ್ಬರಿಗೆ ಗೊತ್ತಿತ್ತು. ಬ್ಲಾಕ್ ತಾಗುವುದು, ಗೋಡೆ ದಪ್ಪ ಇರುವುದು ಇನ್ನೊಬ್ಬರಿಗೆ ಗೊತ್ತಿತ್ತು. ಕಾರಣ ಬರೆದಿದ್ದಕ್ಕೇ ಎರಡೂ ಒಂದು ಕಡೆ ಸೇರಿದವು. ದೂರ ದೂರ ಕೂತು ಡಿಸೈನ್ ಮಾಡುವವರಿಗೆ ಡ್ರಾಯಿಂಗ್ ಮೇಲಿನ ಗುರುತು ಬೇಕಾಗುವುದೇ ಇದಕ್ಕೆ.

ಇದರಲ್ಲಿ ಇನ್ನೊಂದು ಕಷ್ಟ ಇದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೊಸ ಆಪರೇಟರ್‌ಗಳಿಗೆ ಡಿಸೈನರ್ ಡ್ರಾಯಿಂಗ್ ಮೇಲೆ ಪೆನ್ ಇಡುವುದೇ ಹಿಂಜರಿಕೆ. ‘ಅವರು ಓದಿದವರು, ಅವರು ಬರೆದಿದ್ದಕ್ಕೆ ನಾನು ಹೇಗೆ ಗೀಟು ಹಾಕಲಿ’ ಅನ್ನುತ್ತಾರೆ. ‘ತಪ್ಪು’ ಅಂತ ಬರೆಯಲು ಅವರಿಗೆ ಧೈರ್ಯ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಪ್ರಶ್ನೆಯ ರೂಪದಲ್ಲಿ ಬರೆಯಲು ಹೇಳಿ. ‘ಈ ತೂತಿಗೆ ಡ್ರಿಲ್ ಚಕ್ ಹೋಗಲ್ಲ, ಪಕ್ಕದ ಗೋಡೆ ಅಡ್ಡ ಬರುತ್ತೆ, ಏನು ಮಾಡಲಿ?’ ಇದರಲ್ಲಿ ಯಾರ ತಪ್ಪನ್ನೂ ಎತ್ತಿ ತೋರಿಸಿದ ಹಾಗಾಗುವುದಿಲ್ಲ, ವಿಷಯವೂ ಪೂರ್ತಿ ತಲುಪುತ್ತದೆ. ಡಿಸೈನರ್‌ಗಳೂ ಇದಕ್ಕೆ ಸರಿಯಾಗಿ ಉತ್ತರ ಕೊಡಬೇಕು. ಒಂದು ಸಲ ‘ಹೇಳಿದಷ್ಟು ಮಾಡಿ’ ಅಂತ ಉತ್ತರ ಬಂದರೆ ಆ ಹುಡುಗ ಮುಂದೆ ಯಾವತ್ತೂ ಗುರುತು ಹಾಕುವುದಿಲ್ಲ. ಗೊತ್ತಿದ್ದೂ ಸುಮ್ನೆ ಇದ್ದುಬಿಡುತ್ತಾನೆ. ಟೂಲ್‌ರೂಮಿಗೆ ಇದಕ್ಕಿಂತ ದೊಡ್ಡ ನಷ್ಟ ಇಲ್ಲ ಅಂತ ನಾನು ನಂಬಿದ್ದೇನೆ.

ಬಾಯಿಮಾತಿನಲ್ಲೇ ಬದಲಾವಣೆ ಆಗಿಹೋದರೆ ಎಲ್ಲಿಗೆ ಮುಟ್ಟಬಹುದು ಅನ್ನುವುದಕ್ಕೆ ಎಂಜಿನಿಯರಿಂಗ್ ಓದಿದವರಿಗೆ ಗೊತ್ತಿರುವ ಒಂದು ಘಟನೆ ಇದೆ. ಅಮೆರಿಕದ ಕಾನ್ಸಾಸ್ ಸಿಟಿಯ ಹಯಾತ್ ರೀಜೆನ್ಸಿ ಹೋಟೆಲ್. ಅಲ್ಲಿ ಎರಡನೇ ಮಹಡಿಯ ನಡೆದಾರಿಯೂ ಅದರ ನೇರ ಮೇಲೆ ನಾಲ್ಕನೇ ಮಹಡಿಯ ನಡೆದಾರಿಯೂ ಚಾವಣಿಯಿಂದ ರಾಡ್‌ಗಳಲ್ಲಿ ನೇತಾಡುತ್ತಿದ್ದವು. ಮೊದಲ ಡಿಸೈನ್‌ನಲ್ಲಿ ಚಾವಣಿಯಿಂದ ಕೆಳಗಿನವರೆಗೆ ಒಂದೇ ಉದ್ದ ರಾಡ್. ಅಷ್ಟು ಉದ್ದಕ್ಕೆ ಥ್ರೆಡ್ ಹಾಕಿ ನಟ್ ಏರಿಸುವುದು ಕಷ್ಟ ಅಂತ ಅದನ್ನು ಎರಡು ತುಂಡು ಮಾಡಿದರು. ಚಾವಣಿಯಿಂದ ನಾಲ್ಕನೇ ಮಹಡಿಗೆ ಒಂದು, ಅಲ್ಲಿಂದ ಎರಡನೇ ಮಹಡಿಗೆ ಇನ್ನೊಂದು. ಕಾಗದದ ಮೇಲೆ ಸಣ್ಣ ಬದಲಾವಣೆ. ಆದರೆ ಮೊದಲು ತನ್ನ ನಡೆದಾರಿಯ ಭಾರ ಮಾತ್ರ ಹೊರಬೇಕಿದ್ದ ನಾಲ್ಕನೇ ಮಹಡಿ ಬೀಮಿನ ನಟ್‌ಗೆ ಈಗ ಎರಡೂ ನಡೆದಾರಿಗಳ ಭಾರ ಬಿತ್ತು. 1981ರ ಜುಲೈ 17ರಂದು ಅದು ಕುಸಿದು 114 ಜನ ಸತ್ತರು. ಮೊದಲ ಡಿಸೈನೇ ನಿಯಮ ಕೇಳಿದಷ್ಟು ಗಟ್ಟಿ ಇರಲಿಲ್ಲ ಅಂತ ತನಿಖೆಯಲ್ಲಿ ಗೊತ್ತಾಯಿತು, ಹಾಗಾಗಿ ಒಂದು ಟಿಪ್ಪಣಿ ಇದ್ದಿದ್ದರೆ ಎಲ್ಲ ಸರಿಹೋಗುತ್ತಿತ್ತು ಅಂತ ನಾನು ಹೇಳುವುದಿಲ್ಲ. ನನ್ನನ್ನು ಕಾಡುವುದು ಬೇರೆ ವಿಷಯ. ರಾಡ್ ಬದಲಿಸುವ ಬಗ್ಗೆ ಫೋನ್‌ನಲ್ಲಿ ಕೇಳಿ ಒಪ್ಪಿಗೆ ಪಡೆದೆವು ಅಂತ ಉಕ್ಕಿನ ಕೆಲಸ ಮಾಡಿದವರು ಹೇಳಿದರು, ಅಂಥ ಮಾತೇ ಆಗಿಲ್ಲ ಅಂತ ಡಿಸೈನ್ ಎಂಜಿನಿಯರ್‌ಗಳು ಹೇಳಿದರು. ಆದರೆ ಶಾಪ್ ಡ್ರಾಯಿಂಗ್ (ತಯಾರಿಕೆಗೆ ಬರೆದ ಡ್ರಾಯಿಂಗ್) ಮೇಲೆ ಎಂಜಿನಿಯರ್‌ಗಳ ಒಪ್ಪಿಗೆಯ ಸೀಲ್ ಬಿದ್ದಿತ್ತು. ಎಂಜಿನಿಯರ್‌ಗಳ ಲೈಸೆನ್ಸ್ ರದ್ದಾಯಿತು.

ನಿಮ್ಮ ವಾಟ್ಸಾಪ್ ವಿಷಯ ಇಲ್ಲಿಗೇ ಬರುತ್ತದೆ. ಫೋಟೋದಲ್ಲಿ ಬೇಕಾದ ಮೂಲೆ ಮಾತ್ರ ಇರುತ್ತದೆ, ಟೈಟಲ್ ಬ್ಲಾಕ್ ಕತ್ತರಿಸಿ ಹೋಗಿರುತ್ತದೆ. ಯಾವ ಡ್ರಾಯಿಂಗ್ ನಂಬರ್, ಯಾವ ರಿವಿಜನ್ (ಎಷ್ಟನೇ ಸಲ ತಿದ್ದಿದ್ದು) ಅಂತ ತಿಳಿಯುವುದಿಲ್ಲ. ಫೋಟೋ ಕುಗ್ಗಿ ಹೋಗಿ 3 ಯಾವುದು 8 ಯಾವುದು ಅಂತ ಕಾಣುವುದಿಲ್ಲ. ತಿಂಗಳ ಮೇಲೆ ಅದೇ ಫಿಕ್ಸ್ಚರ್ ಇನ್ನೊಂದು ಮಾಡಬೇಕಾದಾಗ ಆ ಮಾತುಕತೆ ಹುಡುಕಿದರೂ ಸಿಗುವುದಿಲ್ಲ. ‘ಗುರುತು ಹಾಕಿದ್ದೇನೆ, ನೋಡಿ’ ಅಂತ ಎಚ್ಚರಿಸಲು ವಾಟ್ಸಾಪ್ ಚೆನ್ನಾಗಿದೆ. ಗುರುತು ಮಾತ್ರ ಡ್ರಾಯಿಂಗ್ ಫೈಲ್ ಮೇಲೇ ಇರಬೇಕು. ಫೋನ್ ಮಾಡುವುದೂ ತಪ್ಪೇನಲ್ಲ. ಎರಡು ಮೂರು ಸಲ ಉತ್ತರ ಪ್ರತ್ಯುತ್ತರ ಆದರೂ ಬಗೆಹರಿಯದಿದ್ದರೆ ಫೋನ್ ಮಾಡಿಯೇ ಮಾತಾಡಿ. ಮಾತು ಮುಗಿದ ಮೇಲೆ ಏನು ತೀರ್ಮಾನ ಆಯಿತು ಅನ್ನುವುದನ್ನು ಅದೇ ಗುರುತಿನ ಕೆಳಗೆ ಒಂದು ಸಾಲು ಬರೆಯಿರಿ.

ಎರಡು ಥರದ ಟಿಪ್ಪಣಿಗಳನ್ನು ಬೆರೆಸಬೇಡಿ. ಅಳತೆ, ಟಾಲರೆನ್ಸ್ (ಅಳತೆ ಎಷ್ಟು ಹೆಚ್ಚು ಕಡಿಮೆ ಆಗಬಹುದು ಅನ್ನುವುದು), ದಾಟಮ್ (ಅಳತೆ ಶುರು ಮಾಡುವ ಆಧಾರ), ಸರ್ಫೇಸ್ ಫಿನಿಶ್, ಹೀಟ್ ಟ್ರೀಟ್‌ಮೆಂಟ್ ಸೂಚನೆ, ಇವೆಲ್ಲ ಡ್ರಾಯಿಂಗಿನ ಭಾಗ. ಇವಕ್ಕೆ ಅಮೆರಿಕದ ಎಎಸ್‌ಎಂಇ ವೈ14.5, ಅಂತಾರಾಷ್ಟ್ರೀಯ ಐಎಸ್‌ಒ 1101 ಥರದ ನಿಯಮಗಳಿವೆ, ಇವು ಆಜ್ಞೆ ಇದ್ದ ಹಾಗೆ. ನಾವು ಇಲ್ಲಿವರೆಗೆ ಮಾತಾಡಿದ್ದು ಚರ್ಚೆಯ ಗುರುತುಗಳ ಬಗ್ಗೆ. ಚರ್ಚೆಯ ಗುರುತು ಇರುವ ಪ್ರಿಂಟ್ ಮಶೀನ್ ಹತ್ತಿರ ಹೋಗಲೇಬಾರದು. ತೀರ್ಮಾನ ಆದ ಮೇಲೆ ಡಿಸೈನರ್ ಡ್ರಾಯಿಂಗ್ ತಿದ್ದಬೇಕು, ತಿದ್ದಿದ ಜಾಗಕ್ಕೆ ರಿವಿಜನ್ ಕ್ಲೌಡ್ (ಮೋಡದ ಆಕಾರದ ಸುತ್ತುಗೆರೆ) ಮತ್ತು ತ್ರಿಕೋನ ಹಾಕಬೇಕು, ರಿವಿಜನ್ ಕಾಲಮ್‌ನಲ್ಲಿ ಕಾರಣ ಬರೆಯಬೇಕು. ‘ಬದಲಿಸಲಾಗಿದೆ’ ಅಂತ ಬರೆಯುವವರೇ ಜಾಸ್ತಿ, ಅದರಿಂದ ಏನೂ ತಿಳಿಯುವುದಿಲ್ಲ. ‘ಕಟರ್ ಬಾಗುತ್ತದೆ ಅಂತ ಮೂಲೆಗೆ ರಿಲೀಫ್’ ಅಂತ ಬರೆದರೆ ಎಷ್ಟು ವರ್ಷ ಕಳೆದರೂ ಅರ್ಥವಾಗುತ್ತದೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾಯಿತಲ್ಲ, ವಿಮಾನದ ಬಿಡಿಭಾಗದ ಕೆಲಸ ಹಿಡಿಯಬೇಕು ಅನ್ನುವ ಆಸೆ ನಮ್ಮ ಕಡೆಯ ಸಣ್ಣ ಶೆಡ್‌ಗಳಿಗೂ ಇದೆ. ಆ ಕೆಲಸದಲ್ಲಿ ಯಾವ ಬದಲಾವಣೆ ಯಾವಾಗ ಆಯಿತು, ಯಾರು ಒಪ್ಪಿದರು ಅನ್ನುವ ದಾಖಲೆ ಇಲ್ಲದೆ ಒಂದು ಬುಷ್ ಕೂಡ ಹೊರಗೆ ಹೋಗುವುದಿಲ್ಲ.

ಗುರುತು ಎಲ್ಲಿ ಹಾಕಿದ್ದೀರಿ ಅನ್ನುವುದನ್ನು ಮಾತಿನಲ್ಲೂ ಬರೆಯಿರಿ. ಡ್ರಾಯಿಂಗ್ ಶೀಟಿನ ಅಂಚಿನಲ್ಲಿ ಅಕ್ಷರ ಮತ್ತು ಅಂಕಿಗಳಿರುತ್ತವೆ, ಗಮನಿಸಿದ್ದೀರಾ? ಅವು ಇರುವುದೇ ಇದಕ್ಕೆ. ‘ಸಿ-4, ದಾಟಮ್ ಎ ಕಡೆಯ ಪಾಕೆಟ್, ಎಡ ಮೂಲೆ’ ಅಂತ ಬರೆದರೆ ಫೋನ್‌ನಲ್ಲೂ ಜಾಗ ಸಿಗುತ್ತದೆ. ನಮ್ಮಲ್ಲಿ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿ ಕೆಲಸ ಕಲಿತ ಹಿರಿಯರೊಬ್ಬರಿದ್ದಾರೆ, ಅವರು ಇವತ್ತಿಗೂ ಹೀಗೆ ಜಾಗ ಹೇಳಿಯೇ ಮಾತು ಶುರು ಮಾಡುತ್ತಾರೆ. 3ಡಿ ಮಾಡೆಲ್ ಮೇಲೆ ಗುರುತು ಹಾಕುವವರಿಗೆ ಇದು ಇನ್ನೂ ಮುಖ್ಯ. ಅಲ್ಲಿ ಗುರುತು ಒಂದು ಮುಖಕ್ಕೆ ಅಂಟಿಕೊಂಡಿರುತ್ತದೆ. ಡಿಸೈನರ್ ಆ ಪಾಕೆಟ್ ಅಳಿಸಿ ಬೇರೆ ಥರ ಮಾಡಿದರೆ ಆ ಮುಖಕ್ಕೆ ಒಳಗೊಳಗೇ ಬೇರೆ ಹೆಸರು ಬರುತ್ತದೆ, ಗುರುತು ಎಲ್ಲೋ ತೇಲುತ್ತದೆ, ಇಲ್ಲವೇ ಬೇರೆ ಮುಖಕ್ಕೆ ಹೋಗಿ ಕೂರುತ್ತದೆ. ಫ್ರೀಕ್ಯಾಡ್ ಅನ್ನುವ ಉಚಿತ 3ಡಿ ಡಿಸೈನ್ ಸಾಫ್ಟ್‌ವೇರ್ ಬಳಸುವವರು ಮುಖಗಳ ಹೆಸರು ಹೀಗೆ ಬದಲಾಗುವ ಕಾಟವನ್ನು ವರ್ಷಗಟ್ಟಲೆ ಅನುಭವಿಸಿದ್ದಾರೆ, 2024ರಲ್ಲಿ ಬಂದ 1.0 ಆವೃತ್ತಿಯಲ್ಲಿ ಅದನ್ನು ಬಹಳ ಮಟ್ಟಿಗೆ ಕಡಿಮೆ ಮಾಡಿದರು.

ಬಣ್ಣವೊಂದನ್ನೇ ನಂಬಬೇಡಿ. ಬದಲಾವಣೆಗೆ ಕೆಂಪು, ಪ್ರಶ್ನೆಗೆ ನೀಲಿ ಅಂತ ಒಂದೊಂದು ಕಂಪನಿಯಲ್ಲಿ ಒಂದೊಂದು ಪದ್ಧತಿ. ಕಪ್ಪು ಬಿಳುಪು ಪ್ರಿಂಟ್ ತೆಗೆದರೆ ಎಲ್ಲ ಒಂದೇ. ‘ಪ್ರಶ್ನೆ’, ‘ಬದಲಿಸಿ’, ‘ಮಾಹಿತಿಗೆ’ ಅಂತ ಮೊದಲ ಪದವಾಗಿ ಬರೆದುಬಿಡಿ.

ಪ್ರತಿ ಗುರುತಿಗೂ ಉತ್ತರ ಕೊಡಬೇಕಾದವರ ಹೆಸರು ಇರಲಿ. ‘ಎಲ್ಲರ ಗಮನಕ್ಕೆ’ ಅಂತ ಹಾಕಿದ್ದನ್ನು ಯಾರೂ ನೋಡುವುದಿಲ್ಲ. ಮತ್ತೆ, ಗುರುತನ್ನು ಮುಚ್ಚುವ ಹಕ್ಕು ಕೇಳಿದವರಿಗೇ ಇರಬೇಕು. ಉತ್ತರ ಕೊಟ್ಟವರು ತಾವೇ ‘ಮುಗಿಯಿತು’ ಅಂತ ಒತ್ತಿದರೆ, ಕೇಳಿದವರಿಗೆ ಉತ್ತರ ಅರ್ಥವಾಯಿತೋ ಇಲ್ಲವೋ ಯಾರಿಗೂ ತಿಳಿಯುವುದಿಲ್ಲ. ಈ ಒಂದು ನಿಯಮಕ್ಕೆ ಮೊದಲು ಎಲ್ಲರೂ ಗೊಣಗುತ್ತಾರೆ. ಆದರೂ ಬಿಡಬೇಡಿ.

ಕನ್ನಡದ ಬಗ್ಗೆ: ಖಂಡಿತ ಬರೆಯಲಿ. ‘ಗೋಡೆ ಓರೆ ಬರುತ್ತೆ’ ಅಂತ ಆಪರೇಟರ್ ಕನ್ನಡದಲ್ಲಿ ಬರೆದರೆ ವಿಷಯ ಪೂರ್ತಿ ಇರುತ್ತದೆ. ಇಂಗ್ಲಿಷ್‌ನಲ್ಲೇ ಬರೆಯಿರಿ ಅಂದರೆ ‘ನಾಟ್ ಪಾಸಿಬಲ್’ ಅಂತ ಎರಡು ಪದ ಬರುತ್ತದೆ, ಕಾರಣ ಅವರ ತಲೆಯಲ್ಲೇ ಉಳಿಯುತ್ತದೆ. ಡಿಸೈನರ್ ಹೊರ ರಾಜ್ಯದವರಾದರೆ ನಿಮ್ಮಂಥ ನಡುವಿನವರು ಕೆಳಗೆ ಇಂಗ್ಲಿಷ್ ಸಾಲು ಸೇರಿಸಿ. ಮೂಲ ಸಾಲು ಅಳಿಸಬೇಡಿ. ತಾಂತ್ರಿಕವಾಗಿ ಒಂದು ಎಚ್ಚರಿಕೆ ಬೇಕು. ಡ್ರಾಯಿಂಗ್ ಸಾಫ್ಟ್‌ವೇರ್ ಆಟೋಕ್ಯಾಡ್‌ನ ಹಳೆಯ ಎಸ್‌ಎಚ್‌ಎಕ್ಸ್ ಫಾಂಟ್‌ಗಳಲ್ಲಿ ಕನ್ನಡ ಅಕ್ಷರಗಳಿಲ್ಲ, ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕಾಣುತ್ತದೆ. ಟೆಕ್ಸ್ಟ್ ಸ್ಟೈಲ್‌ಗೆ ತುಂಗಾ ಥರದ ಟ್ರೂಟೈಪ್ ಫಾಂಟ್ ಕೊಡಿ. ಯೂನಿಕೋಡ್ (ಎಲ್ಲ ಕಂಪ್ಯೂಟರ್‌ಗಳೂ ಗುರುತಿಸುವ ಅಕ್ಷರ ಸಂಕೇತ) ಅಲ್ಲದ ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದು ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಓದಲು ಬರುವುದಿಲ್ಲ. ಫೋನ್ ಕೀಬೋರ್ಡ್‌ನಲ್ಲಿ ಟೈಪ್ ಮಾಡಿದ ಕನ್ನಡ ಯೂನಿಕೋಡ್ ಆಗಿಯೇ ಇರುತ್ತದೆ, ಪಿಡಿಎಫ್ ಕಾಮೆಂಟ್‌ನಲ್ಲಿ ಸಾಮಾನ್ಯವಾಗಿ ತೊಂದರೆ ಆಗುವುದಿಲ್ಲ.

ಇನ್ನು ಸಾಫ್ಟ್‌ವೇರ್. ನೀವು ಹೇಳಿದಷ್ಟು ಕೆಲಸಕ್ಕೆ ಪಿಡಿಎಫ್ ಸಾಕು. 2008ರಲ್ಲಿ ಐಎಸ್‌ಒ 32000 ಅಂತ ಅದು ಮುಕ್ತ ಮಾನದಂಡವಾಯಿತು. ಅದರಲ್ಲಿ ಕಾಮೆಂಟ್ ಅನ್ನುವುದು ಪುಟದ ಮೇಲೆ ಬೇರೆಯಾಗಿಯೇ ಕೂರುತ್ತದೆ, ಕೆಳಗಿನ ಡ್ರಾಯಿಂಗಿನ ಒಂದು ಗೆರೆಯೂ ಬದಲಾಗುವುದಿಲ್ಲ. ಯಾರು ಬರೆದರು, ಯಾವಾಗ ಬರೆದರು ಅನ್ನುವುದು ತಾನಾಗಿ ಸೇರುತ್ತದೆ. ಒಂದರ ಕೆಳಗೆ ಒಂದು ಉತ್ತರ ಬರೆಯಬಹುದು, ಒಪ್ಪಿದೆ, ತಿರಸ್ಕರಿಸಿದೆ, ಮುಗಿದಿದೆ ಅಂತ ಸ್ಥಿತಿ ಕೊಡಬಹುದು. ಬಳಸದವರೇ ಜಾಸ್ತಿ ಇರುವ ಒಂದು ಅನುಕೂಲವೂ ಇದೆ. ಕಾಮೆಂಟ್‌ಗಳನ್ನು ಮಾತ್ರ ಬೇರೆ ಸಣ್ಣ ಫೈಲ್ ಆಗಿ ತೆಗೆದು ಮೇಲ್ ಮಾಡಬಹುದು, ಆ ಕಡೆಯವರು ತಮ್ಮ ಹತ್ತಿರ ಇರುವ ಡ್ರಾಯಿಂಗ್ ಮೇಲೆ ಅದನ್ನು ತೆರೆಯಬಹುದು. ಟೂಲ್‌ರೂಮಿನಲ್ಲಿ ನೆಟ್ ನಿಧಾನ ಇದ್ದರೆ ಇದು ದೊಡ್ಡ ಉಪಕಾರ.

3ಡಿ ಮಾಡೆಲ್ ಮೇಲೇ ಅಳತೆ, ಟಾಲರೆನ್ಸ್ ಬರೆದು 2ಡಿ ಡ್ರಾಯಿಂಗ್ ಬಿಡುವ ಪದ್ಧತಿಯೂ ಬಂದಿದೆ. ಎಎಸ್‌ಎಂಇ ವೈ14.41 ಮಾನದಂಡ 2003ರಲ್ಲೇ ಬಂತು, ಅಂಥ ಟಿಪ್ಪಣಿಗಳನ್ನು ಒಂದು ಕ್ಯಾಡ್ (ಡಿಸೈನ್) ಸಾಫ್ಟ್‌ವೇರ್‌ನಿಂದ ಇನ್ನೊಂದಕ್ಕೆ ಒಯ್ಯಲು ಸ್ಟೆಪ್ ಎಪಿ242 ಅನ್ನುವ ಫೈಲ್ ಮಾದರಿ ಇದೆ. ನಿಮ್ಮ ಗ್ರಾಹಕರು ಕೇಳಿದಾಗ ಅದಕ್ಕೆ ಹೋಗಿ. ಸದ್ಯಕ್ಕೆ ಮುಂದಿನ ಫಿಕ್ಸ್ಚರ್ ಒಂದನ್ನೇ ಹಿಡಿದುಕೊಳ್ಳಿ. ಅದರ ಪಿಡಿಎಫ್ ಒಂದೇ ಫೋಲ್ಡರ್‌ನಲ್ಲಿ ಇಡಿ, ಬೆಂಗಳೂರಿನಿಂದ ಒಬ್ಬರು, ವಸಂತನರಸಾಪುರದಿಂದ ಒಬ್ಬರು ಉತ್ತರಕ್ಕೆ ಹೊಣೆ ಅಂತ ಮೊದಲೇ ಗೊತ್ತುಮಾಡಿ. ಕಾರಣ ಬರೆಯದ ಗುರುತು ಬಂದರೆ ಉತ್ತರ ಕೊಡುವ ಮುಂಚೆ ‘ಯಾಕೆ?’ ಅಂತ ಅದರ ಕೆಳಗೇ ಕೇಳಿ. ಆ ಫಿಕ್ಸ್ಚರ್ ಮುಗಿದ ಮೇಲೆ ಇನ್ನೂ ಮುಚ್ಚದೆ ಉಳಿದ ಗುರುತುಗಳು ಯಾವುವು ಅಂತ ಇಲ್ಲಿ ಬರೆಯಿರಿ, ಒಂದೊಂದನ್ನೂ ನೋಡಿ ಹೇಳುತ್ತೇನೆ.