ಬರೆದಿಡದ ಕಟ್ಟಳೆಗೆ ಕೋರ್ಟಿನಲ್ಲಿ ಬೆಲೆ ಇದೆಯೇ?

ಪ್ರಶ್ನೆ: ಮೂಲನಿವಾಸಿಗಳ ಕಟ್ಟಳೆಗಳು ಪುಸ್ತಕದಲ್ಲಿಲ್ಲ. ಅವನ್ನೂ ಕಾನೂನು ಅನ್ನಬಹುದಾ? ದೇಶದ ಕೋರ್ಟು ಒಪ್ಪುತ್ತದೆಯೇ?

ಉತ್ತರ: ಅನ್ನಬಹುದು. ಯಾವ ನೆಲ ಯಾರದು, ಅಲ್ಲಿ ಯಾರು ಬೇಟೆಯಾಡಬಹುದು ಎಂದು ತೀರ್ಮಾನಿಸುವುದು ಕಾನೂನೇ ಅಲ್ವಾ? ಕೋರ್ಟು ಒಪ್ಪಿದ್ದು ಮಾತ್ರ ತಡವಾಗಿ, ಅದೂ ಅರ್ಧಂಬರ್ಧ.

ಕೆನಡಾದ ಮೂಲನಿವಾಸಿಗಳು ತಮ್ಮ ನೆಲದ ಹಕ್ಕಿಗಾಗಿ ಹೂಡಿದ್ದ ಡೆಲ್ಗಮುಕ್ ಮೊಕದ್ದಮೆ ನನ್ನನ್ನು ತುಂಬಾ ಕಾಡಿದೆ. ಗಿಟ್‌ಕ್ಸಾನ್ ಎಂಬ ಮೂಲನಿವಾಸಿ ಜನರಿಗೆ ಮನೆತನದ ಕಥೆ, ಹಾಡುಗಳೇ ನೆಲದ ದಾಖಲೆ. ಹಿರಿಯಜ್ಜಿ ಮೇರಿ ಜಾನ್ಸನ್ ಕೋರ್ಟಿನಲ್ಲೇ ತಮ್ಮ ಮನೆತನದ ಹಾಡು ಹಾಡಲು ಮುಂದಾದರು. ಹಾಡು ತಿಳಿಯುವ ಕಿವಿ ತನಗಿಲ್ಲ ಎಂದರು ನ್ಯಾಯಾಧೀಶ ಮೆಕೀಚರ್ನ್. ಓದುವಾಗ ಈಗಲೂ ಸಂಕಟವಾಗುತ್ತದೆ. ಆಕೆ ಹಾಡಿದ್ದು ಮನರಂಜನೆಗಲ್ಲ, ಸಾಕ್ಷಿಯಾಗಿ. 1991ರಲ್ಲಿ ಆ ನ್ಯಾಯಾಧೀಶರು ಆ ಜನರ ಹಕ್ಕನ್ನು ತಳ್ಳಿಹಾಕಿದರು.

1997ರಲ್ಲಿ ಕೆನಡಾದ ಸುಪ್ರೀಂ ಕೋರ್ಟ್, ಬಾಯಿಮಾತಿನ ಚರಿತ್ರೆಗೂ ಬರಹದ ದಾಖಲೆಯಷ್ಟೇ ಜಾಗ ಕೊಡಬೇಕು ಎಂದಿತು. ದೊಡ್ಡ ಗೆಲುವೇ. ಆದರೆ ನೆಲ ಯಾರದೆಂದು ಹೇಳಲಿಲ್ಲ, ಹೊಸ ವಿಚಾರಣೆಯಾಗಲಿ ಎಂದಿತು. ಸರ್ಕಾರ ಬರುವ ಮೊದಲೇ ಅಲ್ಲಿದ್ದವರು ತಮ್ಮ ಹಕ್ಕನ್ನು ತಾವೇ ರುಜುವಾತು ಮಾಡಬೇಕು. ಇದು ನ್ಯಾಯ ಎಂದು ನನಗಂತೂ ಅನ್ನಿಸುವುದಿಲ್ಲ.