ಕರಡಿ ಡಬ್ಬಿಗೆ ಹಿಡಿಸುವಷ್ಟೇ ಊಟ

ಪ್ರಶ್ನೆ: ನಾನು, ನನ್ನ ತಮ್ಮ ಬರುವ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದ ಜಾನ್ ಮ್ಯೂರ್ ಟ್ರೇಲ್ ನಡೆಯಬೇಕು ಅಂತಿದ್ದೇವೆ. ಯೊಸೆಮಿಟಿಯಿಂದ ಮೌಂಟ್ ವಿಟ್ನಿವರೆಗೆ, 20 ದಿನ. ಇಬ್ಬರೂ ಸಸ್ಯಾಹಾರಿಗಳು. ಟುವಾಲಮಿ, ರೆಡ್ಸ್ ಮೆಡೋ, ಮ್ಯೂರ್ ಟ್ರೇಲ್ ರಾಂಚ್, ಈ ಮೂರು ಕಡೆ ಸಾಮಾನು ತುಂಬಿಕೊಂಡು, ರಾಂಚ್‌ನಿಂದ ಕೊನೆಯ 10 ದಿನದ ಊಟವನ್ನು ಒಂದೇ ಸಲ ಹೊರುವ ಯೋಚನೆ. ಸರಿಯಾ ಮೇಡಂ?
– ಓದುಗರೊಬ್ಬರು, ಫ್ರೀಮಾಂಟ್

ಉತ್ತರ: ಮೊದಲ ಮೂರು ಕಡೆ ಸರಿ. ಆ 10 ದಿನದ್ದು ಮಾತ್ರ ಬೇಡ.

ನಾನೂ ಹಾಗೇ ಮಾಡಿದ್ದೆ. ರಾಂಚ್‌ನ ಮರದ ಕೆಳಗೆ ಕೂತು, ಮೊದಲೇ ಪೋಸ್ಟ್ ಮಾಡಿದ್ದ ಊಟದ ಬಕೆಟ್ ಬಿಚ್ಚಿದೆ. ಒಂಬತ್ತು ದಿನದ ಪೊಟ್ಟಣಗಳು. ಕರಡಿ ಡಬ್ಬಿಗೆ, ಅಂದರೆ ಕರಡಿಗೆ ತೆಗೆಯಲಾಗದಂಥ ಊಟದ ಗಟ್ಟಿ ಡಬ್ಬಿಗೆ, ಆರು ದಿನದ್ದು ಹೋಯಿತು, ಮುಚ್ಚಳ ತಿರುಗಲಿಲ್ಲ. ತೆಳು ಅವಲಕ್ಕಿಯನ್ನು ಮುಷ್ಟಿಯಿಂದ ಗುದ್ದಿ ಪುಡಿ ಮಾಡಿದೆ. ಆದರೂ ಇಲ್ಲ. ಅಮ್ಮ ಕಟ್ಟಿಕೊಟ್ಟ ಕೊಬ್ಬರಿ ಚಟ್ನಿಪುಡಿ ಸಮೇತ ಉಳಿದದ್ದನ್ನೆಲ್ಲ ಅಲ್ಲೇ ಬೇರೆಯವರಿಗೆ ಬಿಟ್ಟು ಬಂದೆ. ಆಮೇಲಿನ ದಿನಗಳಲ್ಲಿ ಹಸಿವು ಅಂದರೆ ಏನಂತ ಗೊತ್ತಾಯಿತು.

ಆ ದಾರಿಯಲ್ಲಿ ಊಟದ ಲೆಕ್ಕ ಹಾಕಬೇಕಾದ್ದು ಕಿಲೋಮೀಟರಿನಲ್ಲಲ್ಲ, ಡಬ್ಬಿಯಲ್ಲಿ. ಸಾಮಾನ್ಯವಾಗಿ ಸಿಗುವ ದೊಡ್ಡ ಡಬ್ಬಿ ಅಂದರೂ ಸುಮಾರು 11.5 ಲೀಟರ್. ಒಬ್ಬರಿಗೆ ಒಂದು ವಾರದ್ದು ಹಿಡಿದರೆ ಹೆಚ್ಚು. ಟೂತ್‌ಪೇಸ್ಟು, ಇಂಗಿನ ಡಬ್ಬಿ, ವಾಸನೆ ಬರುವ ಎಲ್ಲವೂ ಅದರೊಳಗೇ ಹೋಗಬೇಕು. ಅದನ್ನು ಮರೀಬೇಡಿ.

ರಾಂಚ್‌ನಿಂದ ವಿಟ್ನಿ ದಾಟಿ ರಸ್ತೆ ಮುಟ್ಟೋಕೆ ಸುಮಾರು 180 ಕಿ.ಮೀ. ನಡುವೆ ಅಂಗಡಿಯೇ ಇಲ್ಲ. ಅದಕ್ಕೇ ಸುಮಾರು 110 ಕಿ.ಮೀ. ಆದ ಮೇಲೆ, ಉಳಿದ ದಿನಗಳ ಊಟ ತುಂಬಿಕೊಳ್ಳೋಕೆ, ಕಿಯರ್‌ಸಾರ್ಜ್ ಪಾಸ್ (ಬೆಟ್ಟ ದಾಟುವ ದಾರಿ) ಹತ್ತಿ ರಸ್ತೆ ಇರುವ ಆನಿಯನ್ ವ್ಯಾಲಿಗೆ ಇಳಿಯಿರಿ. ಪಾಸ್‌ನ ಎತ್ತರ ಸುಮಾರು 3,580 ಮೀಟರ್. ಇಳಿಯೋಕೆ ಒಂದು ದಿನ, ವಾಪಸ್ ಬರೋಕೆ ಇನ್ನೊಂದು ದಿನ ಇಟ್ಟುಕೊಳ್ಳಿ. 20 ದಿನವನ್ನು 22 ಮಾಡಿ. ಎರಡು ದಿನ ದಂಡ ಅನ್ನಿಸಬಹುದು. ಆದರೆ ತಮ್ಮನಿಗೆ ಮೊಣಕಾಲು ನೋವೋ, ಎತ್ತರಕ್ಕೆ ತಲೆ ಸಿಡಿತವೋ ಬಂದರೆ ಮನೆಗೆ ಹೋಗುವ ದಾರಿಯೂ ಅದೇ.

ಆನಿಯನ್ ವ್ಯಾಲಿಯಲ್ಲಿ ಅಂಗಡಿ ಇಲ್ಲ, ಬಸ್ಸೂ ಇಲ್ಲ. ಕೆಳಗಿನ ಇಂಡಿಪೆಂಡೆನ್ಸ್ ಊರಿನ ಪೋಸ್ಟ್ ಆಫೀಸಿಗೆ ಜನರಲ್ ಡೆಲಿವರಿ (ನೀವು ಹೋಗಿ ತೆಗೆದುಕೊಳ್ಳುವವರೆಗೆ ಅಲ್ಲೇ ಇಟ್ಟುಕೊಳ್ಳಿ ಅಂತ) ಬರೆದು ಪಾರ್ಸೆಲ್ ಕಳಿಸಬಹುದು. ಭಾನುವಾರ ತಲುಪುವ ಹಾಗೆ ಮಾತ್ರ ಮಾಡಿಕೊಳ್ಳಬೇಡಿ. ಫ್ರೀಮಾಂಟಿನ ಸ್ನೇಹಿತರು ಯಾರಾದರೂ ಕಾರಲ್ಲಿ ಸಾಮಾನು ತಂದುಕೊಟ್ಟರೆ ಇನ್ನೂ ಒಳ್ಳೆಯದು. ಜೊತೆಗೆ ಮೊಸರನ್ನ ತರಲಿ. ಹದಿನೈದು ದಿನ ಆದ ಮೇಲೆ ಅದರ ರುಚಿಯೇ ಬೇರೆ.

ರಾಂಚ್‌ಗೆ ಕಳಿಸೋದು ಮುಚ್ಚಳ ಇರುವ ಗಟ್ಟಿ ಪ್ಲಾಸ್ಟಿಕ್ ಬಕೆಟ್‌ನಲ್ಲೇ. ರಟ್ಟಿನ ಪೆಟ್ಟಿಗೆಯನ್ನು ಇಲಿ ಕೊರೆಯುತ್ತದೆ. ವಾರಗಟ್ಟಲೆ ಮೊದಲೇ ಪೋಸ್ಟ್ ಮಾಡಿ. ಗ್ಯಾಸ್ ಸಿಲಿಂಡರ್ ಅದರಲ್ಲಿ ಹಾಕಬೇಡಿ.

ಇನ್ನು ಊಟ. ತೊಗರಿಬೇಳೆ ಬೇಡವೇ ಬೇಡ. 3,000 ಮೀಟರ್ ಮೇಲೆ ನೀರು 90 ಡಿಗ್ರಿ ಆಸುಪಾಸಿಗೇ ಕುದಿಯುತ್ತದೆ, ಬೇಳೆ ಬೇಯೋದಿಲ್ಲ, ಗ್ಯಾಸ್ ಮುಗಿಯುತ್ತದೆ. ಗೊಜ್ಜವಲಕ್ಕಿ ಮಾಡಿ. ದಪ್ಪ ಅವಲಕ್ಕಿಯನ್ನು ಮಿಕ್ಸಿಯಲ್ಲಿ ತರಿತರಿಯಾಗಿ ಪುಡಿ ಮಾಡಿ, ಹುಣಸೆ, ಬೆಲ್ಲ, ಸಾರಿನ ಪುಡಿ ಕಲೆಸಿ ಒಣಗಿಸಿ. ಬಿಸಿನೀರು ಹಾಕಿ ಮುಚ್ಚಿಟ್ಟರೆ ಊಟ ರೆಡಿ. ತೆಳು ಅವಲಕ್ಕಿಯ ಅರ್ಧ ಜಾಗವೂ ಬೇಡ. ಹುರಿದ ರವೆ, ಹುರಿಹಿಟ್ಟೂ ಹಾಗೇ. ಶೇಂಗಾ, ಒಣಕೊಬ್ಬರಿ, ತುಪ್ಪ ಜಾಸ್ತಿ ಇರಲಿ. 100 ಗ್ರಾಂ ಅವಲಕ್ಕಿಯಲ್ಲಿ 350 ಕ್ಯಾಲರಿ ಸಿಕ್ಕರೆ ಅಷ್ಟೇ ತುಪ್ಪದಲ್ಲಿ ಸುಮಾರು 900. ದಿನಕ್ಕೆ ಒಬ್ಬರಿಗೆ 700 ಗ್ರಾಂ ಒಣ ಸಾಮಾನು ಸಾಕು.

ಡಬ್ಬಿ ಬಾಡಿಗೆಗೂ ಸಿಗುತ್ತದೆ. ಎರಡು ತಂದು, ಪೋಸ್ಟ್ ಮಾಡುವ ಮೊದಲೇ ಅಡುಗೆಮನೆ ನೆಲದ ಮೇಲೆ ಕೂತು ಏಳು ದಿನದ್ದು ತುಂಬಿ ನೋಡಿ. ಮುಚ್ಚಳ ತಿರುಗದಿದ್ದರೆ ಯಾವುದನ್ನು ಬಿಡಬೇಕು ಅಂತ ಅಲ್ಲೇ ತೀರ್ಮಾನ ಮಾಡಬಹುದು, ಅಲ್ವಾ?